ತೊಂಬತ್ತಕ್ಕೆ ಕೊಳ್ಳುತ್ತೇನೆ

ನೀನು ಯಾರೋ ನನಗೆ ಗೊತ್ತಿಲ್ಲ.
ಟೊರಾಂಟೊದ ಯಾವುದೋ ಪೆನ್ಷನ್ ಫಂಡೋ,
ನಿದ್ದೆಗೆಟ್ಟ ದಂತವೈದ್ಯನೋ,
ಹೆಸರೇ ಇಲ್ಲದ ಬರೀ ಯಂತ್ರವೋ.
ಸೋಮವಾರ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ
ನಿನ್ನ ಹೆದರಿಕೆಯನ್ನು ನಾನು ವಹಿಸಿಕೊಂಡೆ,
ಷೇರಿಗೆ ಎರಡು ಡಾಲರ್ ಹತ್ತು ಸೆಂಟಿನಂತೆ.

ಪುಟ್ ಮಾರುವುದೆಂದರೆ ಇಷ್ಟೇ ಅಂತ
ವಿಲ್ಬರಿನ ಬೇಕರಿಯಲ್ಲಿ ಅಡೆಲಿನ್‌ಗೆ ಹೇಳಿದ್ದೆ:
ಬಿದ್ದರೆ ಹಿಡಿಯುತ್ತೇನೆ ಅಂತ ಮಾತು ಕೊಡುವುದು,
ಹಿಡಿಯುವ ಮೊದಲೇ ಕೂಲಿ ಎಣಿಸಿಕೊಳ್ಳುವುದು.
ಅವಳು ತುಟಿಗಂಟಿದ ಗಸಗಸೆ ಒರೆಸಿಕೊಂಡು
"ಬೀಳದೇ ಹೋದರೆ?" ಅಂದಳು.
"ಕೂಲಿ ನನ್ನದೇ."
"ಅಷ್ಟು ಸಲೀಸಾ, ಲೊರೆಟ್ಟಾ?"
ಹದಿನಾಲ್ಕು ತಿಂಗಳು ಅಷ್ಟೇ ಸಲೀಸಿತ್ತು.

ಮೂವತ್ತೊಂದು ವರ್ಷ
ಆಲಿಕಲ್ಲಿನ ವಿಮೆ ಕಂಪನಿಗೆ ಹೊಲ ಎಣಿಸಿದವಳು ನಾನು.
ಸಾಲಿನಲ್ಲಿ ನಿಂತ ಜೋಳ ಎಷ್ಟು, ಮುರಿದದ್ದೆಷ್ಟು,
ಎಲೆ ಸೀಳಿದ್ದು ನೂರಕ್ಕೆ ಎಷ್ಟು.
ಹೊಲದವರು ನನ್ನ ಮುಖ ನೋಡುತ್ತಿರಲಿಲ್ಲ,
ಪೆನ್ಸಿಲ್ಲಿನ ಮೊನೆ ನೋಡುತ್ತಿದ್ದರು.
ಪ್ರೀಮಿಯಂ ಎಂಬ ಪದ ಆಗಲೇ ನಾಲಿಗೆಗೆ ಅಂಟಿದ್ದು.
ಮರೆತದ್ದು ಒಂದೇ:
ಕಂಪನಿಗೆ ನಾಲ್ಕು ಸಾವಿರ ಹೊಲ,
ಯಾವ ಮೋಡಕ್ಕೂ ಅಷ್ಟು ಅಗಲವಿಲ್ಲ.
ನನಗೆ ಒಂದೇ ಹೊಲ.
ಚಿಪ್ ಮಾಡುವ ಕಂಪನಿ. ಅದರ ಒಂದು ಚಿಪ್ಪನ್ನೂ
ಕಣ್ಣಾರೆ ಕಂಡವಳಲ್ಲ.

ಗುರುವಾರ ಸಂಜೆ ಅವರ ಲೆಕ್ಕಪತ್ರ ಬಂತು.
ಯಾರೋ ಮೈಕಿನ ಮುಂದೆ "ಬೇಡಿಕೆ ಸ್ವಲ್ಪ ಮಂದ" ಅಂದ.
ಸ್ವಲ್ಪ ಅಂದರೆ ಎಪ್ಪತ್ತೊಂದು.
ಶನಿವಾರ ಖಾತೆ ತೆರೆದರೆ ಇನ್ನೂರು ಷೇರು ಒಳಗೆ ಕೂತಿವೆ,
ಕರೆಯದೆ ಬಂದ ನೆಂಟರಲ್ಲ, ಕರೆದೇ ಬಂದವರು.
ಹದಿನೆಂಟು ಸಾವಿರ ಹೋಗಿತ್ತು.
ಸೂರಿನ ಹಣ ಅದು.
ಹೋದ ಜೂನಿನ ಆಲಿಕಲ್ಲಿಗೆ ಹಲ್ಲುದುರಿದ ಸೂರು;
ಅದಕ್ಕೆ ವಿಮೆ ಮಾಡಿಸಿರಲಿಲ್ಲ. ನಗಬೇಡ.

ಬಳ್ಳದಲ್ಲಿ ಅಳೆದು ತುಂಬಿಕೊಂಡದ್ದು
ಕೊಳಗದಲ್ಲಿ ಹೋಯಿತು.
ಚಿಪ್ಪಿನ ಆಸೆಗೆ ಕೈಗೆ ಚಿಪ್ಪು.

ನೀನೇನೂ ಮೋಸ ಮಾಡಲಿಲ್ಲ, ಅದು ಗೊತ್ತು.
ಕಾಗದದಲ್ಲಿ ಎಲ್ಲ ಬರೆದಿತ್ತು, ನಾನೇ ಓದಿ ಒತ್ತಿದ್ದು.
ತೊಂಬತ್ತಕ್ಕೆ ಕೊಳ್ಳುತ್ತೇನೆ ಅಂದೆ, ಕೊಂಡೆ.
ಈ ಕೌಂಟಿಯಲ್ಲಿ ಕೊಟ್ಟ ಮಾತಿಗೆ
ಇನ್ನೂ ಇಷ್ಟಾದರೂ ಬೆಲೆಯಿದೆ:
ಷೇರಿಗೆ ಹತ್ತೊಂಬತ್ತು ಡಾಲರ್.

ಸೂರಿನವನು, ಹ್ರುಸ್ಕಾನ ಮಗ, ಫೋನು ಮಾಡಿದ.
ಚಳಿಗಾಲ ಕಳೀಲಿ ಅಂದೆ.
ಅವನು ಯಾಕೆ ಅಂತ ಕೇಳಲಿಲ್ಲ.
ಅಡೆಲಿನ್ ಕೇಳುತ್ತಾಳೆ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆಯಿತ್ತು.
ಆಲಿಕಲ್ಲು ಬಿದ್ದ ದಿನ ಹೊಲಕ್ಕಿಳಿಯಬಾರದು.
ಹತ್ತು ದಿನ ಬಿಡಬೇಕು.
ಸತ್ತಂತೆ ಕಂಡ ಗಿಡದ ನಡುವಿನಿಂದ
ಒಮ್ಮೊಮ್ಮೆ ಹೊಸ ಎಲೆ ಸುರುಳಿ ಬಿಚ್ಚುತ್ತದೆ,
ಒಮ್ಮೊಮ್ಮೆ ಹಸಿರಾಗಿ ನಿಂತದ್ದೇ ಒಳಗೆ ಕೊಳೆತಿರುತ್ತದೆ.
ಬಂದವರಿಗೆಲ್ಲ ನಾನೇ ಹೇಳುತ್ತಿದ್ದೆ, ಗದರಿಸಿಯೇ ಹೇಳುತ್ತಿದ್ದೆ.

ಇವತ್ತು ಮೂರನೇ ದಿನ.
ಏಳು ಸಲ ಎಣಿಸಿದ್ದಾಯಿತು.
ನೀನಾದರೂ ನಿದ್ದೆ ಮಾಡಿದೆಯಾ?