ಕೆಜಿ ಲೆಕ್ಕದ ಮೋಟರು

ಭಾನುವಾರದ ಗುಜರಿ ಸಂತೆ. ಮುಚ್ಚಿದ ಷಟರುಗಳ ಮುಂದೆ
ಟಾರ್ಪಾಲು ಹಾಸಿ ಕೂತ ಅತೀಕ್ ತೂಗಿದ:
ನಾಲ್ಕು ಸ್ಟೆಪ್ಪರ್ ಮೋಟರು, ಎರಡು ಕೆಜಿ, ಮೇಲೊಂದು ಚೂರು.
"ಜೆರಾಕ್ಸ್ ಮಿಷನ್ದು ಅಕ್ಕಾ, ಓಡ್ತದೆ, ಗ್ಯಾರಂಟಿ."
ಓಡೋದು ಯಾವ ಮೋಟರಾದ್ರೂ ಓಡುತ್ತೆ ಕಣಪ್ಪ,
ಹೇಳಿದ ಜಾಗದಲ್ಲಿ ನಿಲ್ಲಬೇಕು ಇದು, ಅಂದೆ.
ಅವನು ಆಗಲೇ ಇನ್ನೊಬ್ಬರ ಮಿಕ್ಸಿಗೆ ಬೆಲೆ ಹೇಳುತ್ತಿದ್ದ.

ಕಾಮಾಕ್ಷಿಪಾಳ್ಯ. ಮನೆಯ ಮೆಟ್ಟಿಲ ಕೆಳಗೆ
ತಲೆ ಬಗ್ಗಿಸಿ ಕೂರುವಷ್ಟು ಜಾಗ, ಒಂದು ಬಲ್ಬು, ಒಂದು ವೈಸು.
ನೀರಿನ ಮೋಟರಿಗೆ ಕಾಯಿಲ್ ಸುತ್ತುತ್ತಾ
ಮೂವತ್ತೊಂದು ವರ್ಷ ಇಲ್ಲೇ ಬೀದಿಯ ತುದಿಯ ಶೆಡ್ಡಿನಲ್ಲಿದ್ದೆ.
ಈಗ ಸುತ್ತುವ ಮಿಷನ್ನನ್ನೇ ಮಾಡಲು ಹೊರಟಿದ್ದೇನೆ.
ಕೈ ಕೇಳುತ್ತಿಲ್ಲ, ಅಷ್ಟೇ ಕಾರಣ.

ಮೊದಲನೆಯದು: ನಾಲ್ಕು ತಂತಿ.
ಯಾರು ಯಾರ ಜೋಡಿ ಎಂದು ಬಣ್ಣ ಹೇಳುವುದಿಲ್ಲ,
ಮೀಟರಿನ ಮೊನೆ ಮುಟ್ಟಿಸಿ ಕೇಳಬೇಕು.
ಕುಂಯ್ ಅಂದರೆ ಒಂದೇ ಮನೆಯವರು.
ಕೆಂಪಿಗೆ ಹಳದಿ. ಕಪ್ಪಿಗೆ ಹಸಿರು.
ಈ ಕಡೆ ಎರಡೂವರೆ ಓಮ್, ಆ ಕಡೆಯೂ ಎರಡೂವರೆ;
ಸುತ್ತಿದವರು ಯಾರೋ, ಯಾವ ಊರಿನವರೋ,
ಕೈ ನಡುಗಿಲ್ಲ ಅವರದು.
ಒಂದು ಮೊನೆ ಮೈಗೆ ಒತ್ತಿದೆ. ಮೌನ.
ಹಾಗೇ ಇರಬೇಕು. ಒಳಗಿನ ತಂತಿಯ ಮಾತು
ಹೊರಗಿನ ಕಬ್ಬಿಣದ ಕಿವಿಗೆ ಬೀಳಬಾರದು.

ಎರಡನೆಯದು ಒಂದು ಜೋಡಿಯಲ್ಲಿ ಉಸಿರೇ ಎತ್ತಲಿಲ್ಲ.
ಸುಟ್ಟ ವಾಸನೆ ಮೂಗಿಗೆ ಮೊದಲೇ ಗೊತ್ತಿತ್ತು.
ಮೂರನೆಯದಕ್ಕೆ ಆರು ತಂತಿ, ನಡುವಿನದು ಮುಟ್ಟಿದರೆ ಅರ್ಧ ಲೆಕ್ಕ,
ತುದಿಗೆ ತುದಿ ಮುಟ್ಟಿದರೆ ಪೂರ್ತಿ. ಪಾಸ್.

ನಾಲ್ಕನೆಯದೂ ಮೀಟರಿನಲ್ಲಿ ಪಾಸ್.
ಆದರೂ ಒಂದು ಸ್ಕ್ರೂವಿನ ತಲೆ ಗೀರಿತ್ತು.

ಮೀಟರು ಬೇಡದ ಪರೀಕ್ಷೆ ಒಂದಿದೆ:
ಒಂದು ಜೋಡಿಯ ಎರಡು ತಂತಿ ಹೊಸೆದು
ಶಾಫ್ಟು ತಿರುಗಿಸಿದರೆ, ತಾನೇ ಹುಟ್ಟಿಸಿದ ಕರೆಂಟು
ತನ್ನನ್ನೇ ಹಿಡಿದು ಜಗ್ಗುತ್ತದೆ. ಬೆರಳಿಗೆ ಗೊತ್ತಾಗುತ್ತದೆ.
ಗೊತ್ತಾಗುತ್ತಿತ್ತು.
ಹೋದ ತಿಂಗಳು ಆಸ್ಪತ್ರೆಯಲ್ಲಿ ನನಗೂ ತಂತಿ ಅಂಟಿಸಿದ್ದರು,
ಚಟ್ ಚಟ್ ಎಂದು ಕರೆಂಟು ಬಿಟ್ಟು ಪರದೆ ನೋಡಿ
ಮಣಿಕಟ್ಟಲ್ಲಿ ತಡ ಆಗ್ತಿದೆ ಅಂದಳು ಡಾಕ್ಟರು,
ಸುಮನಹಳ್ಳಿ ಜಂಕ್ಷನ್ನಿನ ಹಾಗೆ ಅಂದುಕೊಂಡೆ ನಾನು.
ಮೈಗೆ ಮುಟ್ಟಿಸಿ ನೋಡಿದಿರಾ ಎಂದು ಕೇಳಲಿಲ್ಲ.

ಮೇಲಿನ ಮನೆಯ ಹಂಸವೇಣಿ ಮೆಟ್ಟಿಲಿಳಿದು ಬಂದಳು,
ಆರನೇ ಕ್ಲಾಸು, ಉಗುರ ತುಂಬ ಸ್ಕೆಚ್ ಪೆನ್ನು.
ತಿರುಗಿಸೇ ಇದನ್ನ, ಆಮೇಲೆ ಇದನ್ನ.
"ಇದು ಕಟ ಕಟ ಅಂತ ಜಗಳ ಆಡುತ್ತೆ ಆಂಟಿ.
ಇದು... ಹೂಂ ಹೂಂ ಅಂತ ಒಪ್ಕೊಳ್ಳುತ್ತೆ."

ಅಂದರೆ ಬಿಚ್ಚಿದ್ದಾರೆ. ಏನಿದೆ ನೋಡೋಣ ಎಂದು ಯಾವನೋ
ಒಳಗಿನ ರೋಟರನ್ನು ಹೊರಗೆಳೆದು, ನೋಡಿ, ಮತ್ತೆ ತುರುಕಿದ್ದಾನೆ.
ಅಷ್ಟು ಸಾಕು. ಸುತ್ತಲ ಕಬ್ಬಿಣ ತಪ್ಪಿದ ಒಂದೇ ಗಳಿಗೆಯಲ್ಲಿ
ಅಯಸ್ಕಾಂತ ಅರ್ಧ ಬಲ ಚೆಲ್ಲಿಕೊಳ್ಳುತ್ತದೆ,
ಮರಳಿ ಕೂರಿಸಿದರೂ ಮರಳುವುದಿಲ್ಲ.
ಓಮಿನಲ್ಲಿ ಒಂದು ಕೂದಲೂ ವ್ಯತ್ಯಾಸ ಇಲ್ಲ.

ಎಸೆಯಲು ಎತ್ತಿದೆ. ತೂಕ ಒಳ್ಳೆಯದಿತ್ತು.
ಬಾಬಿನ್ ತಿರುಗಿಸಲು ಮೊದಲನೆಯದು ಇದೆಯಲ್ಲ, ಗಟ್ಟಿ.
ತಂತಿಗೆ ದಾರಿ ತೋರಿಸುತ್ತಾ ಅತ್ತ ಒಂದು ನೂಲು ಇತ್ತ ಒಂದು ನೂಲು
ಸರಿಯಲು ಎಷ್ಟು ಬಲ ಬೇಕು?
ಮಾರ್ಕರಿನಲ್ಲಿ ಬೆನ್ನ ಮೇಲೆ ಬರೆದೆ: ಬಿಚ್ಚಿದ್ದು.
ಅಕ್ಷರ ಸೊಟ್ಟ. ಕೆಳಗೆ: ಗೈಡಿಗೆ.

ಒಂದು ಸುತ್ತಿಗೆ ಇನ್ನೂರು ಹೆಜ್ಜೆ ಅಂದದ್ದೇ ತಪ್ಪಾಯಿತು,
ಹಂಸವೇಣಿ ಶಾಫ್ಟಿಗೆ ಚುಕ್ಕೆ ಇಟ್ಟು ಎಣಿಸಲು ಕೂತಿದ್ದಾಳೆ.
ನೂರಾ ಮೂವತ್ತೇಳಕ್ಕೆ ಮೇಲೆ ಕುಕ್ಕರು ಕೂಗಿತು.
"ಆಂಟಿ, ತಪ್ಪೋಯ್ತು."
ಹೋಗಲಿ ಬಿಡು, ಮೊದಲಿಂದ.