ನೀರು ಮುಟ್ಟದ ಎರಡು ದಿನ

ಟೈರಿನಂಗಡಿಯ ಲಕ್ಕಿ ಡ್ರಾದಲ್ಲಿ ಸಾಹುಕಾರರಿಗೆ ಬಂದ ಕೂಪನ್ನು.
ಅದೇ ತಾರೀಖಿಗೆ ಅವರ ಮನೇಲಿ ನಿಶ್ಚಿತಾರ್ಥ.
‘ಇಬ್ಬರು ಹೋಗಿಬನ್ನಿ, ಸುಮ್ಮನೆ ಹಾಳಾಗುತ್ತೆ’ ಅಂದರು,
ಮಿಕ್ಕ ಸಾರು ಕೊಡುವ ದನಿಯಲ್ಲೇ.
ಜುಬೇದಾ ನನ್ನ ಮುಖ ನೋಡಿದಳು, ನಾನು ಅವಳ ಮುಖ.
ಬೇಸಿನ್ನಿನಲ್ಲಿ ಗೂಡು ಕುದಿಯುತ್ತಲೇ ಇತ್ತು.

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ, ಆಧಾರ್ ತೋರಿಸಿ ಪುಕ್ಕಟೆ.
ಅಲ್ಲಿಂದ ನಂದಿ ಕಡೆಗೆ ಆಟೋ, ಚೌಕಾಸಿ ಮಾಡಿ ನೂರಾ ಇಪ್ಪತ್ತು.
ಗೇಟಿನಲ್ಲಿ ಸಿಮೆಂಟಿನ ಆನೆ, ಸೊಂಡಿಲಿಂದ ನೀರು.
ಕೌಂಟರಿನ ಹುಡುಗ ಕೈಗೆ ಹಳದಿ ಪಟ್ಟಿ ಕಟ್ಟಲು ಬಂದ,
ಆಸ್ಪತ್ರೆಯಲ್ಲಿ ಕೂಸಿಗೆ ಕಟ್ಟುವಂಥದು.
‘ಇದಿದ್ದರೆ ಹದಿನಾಲ್ಕು ಆಟ, ಅಲೆಯೇಳೋ ಕೊಳ,
ಮಳೆ ಡ್ಯಾನ್ಸು, ಜಾರೋ ಕೊಳವೆ, ಎಲ್ಲಾ ಫ್ರೀ ಆಂಟಿ.’
‘ಎಲ್ಲಾ ನೀರಿಂದೇನಾ?’ ಜುಬೇದಾ ಕೇಳಿದಳು.
‘ನೀರಿಂದೇ’ ಅಂದ, ಹೆಮ್ಮೆಯಿಂದ.
ಪಟ್ಟಿ ಮಡಿಸಿ ಪರ್ಸಿಗೆ ಹಾಕಿಕೊಂಡೆವು.

ಇಪ್ಪತ್ತಾರು ವರ್ಷ ಕಣಪ್ಪ
ಅಂತ ಹೇಳಬಹುದಿತ್ತು ಅವನಿಗೆ.
ಬಿಸಿನೀರಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕಿ
ಎಂಟು ಗೂಡಿನದು ಒಂದು ಮಾಡಿ ಮೇಲಕ್ಕೆ ಸಿಕ್ಕಿಸಿ
ಕಡಿದರೆ ಮತ್ತೆ ಮುಳುಗಿಸಿ.
ಸಂಜೆ ಹೊತ್ತಿಗೆ ಬೆರಳೆಲ್ಲ ನೆನೆಸಿಟ್ಟ ಅವರೆಕಾಳು,
ಹಿತಕಿದರೆ ಸಿಪ್ಪೆ ಬಿಡಬೇಕು.
ಹೇಳಲಿಲ್ಲ. ಪಾಪ, ಅವನ ಕೆಲಸ ಅವನದು.

ರೂಮಿನಲ್ಲಿ ಹಂಸದ ಹಾಗೆ ಮಡಿಸಿಟ್ಟ ಟವೆಲ್ಲು.
ಬಿಚ್ಚಲಿಲ್ಲ. ಎರಡು ದಿನವೂ ಟಿ.ವಿ. ಪಕ್ಕ ಕೂತಿತ್ತು.
ಕಿಟಕಿ ತೆಗೆದರೆ ಕೆಳಗೆ ಆ ಕೊಳವೆಗಳು,
ಕೆಂಪು, ನೀಲಿ, ಸೊಟ್ಟಪಟ್ಟ, ಯಾರೋ
ಸಿಕ್ಕು ಬಿಡಿಸಲಾರದೆ ಬಿಟ್ಟುಹೋದ ಲಡಿ.
ಜನ ಒಂದು ತುದಿಯಲ್ಲಿ ಕಿರುಚುತ್ತ ಹೊಕ್ಕು
ಇನ್ನೊಂದು ತುದಿಯಲ್ಲಿ ನಗುತ್ತ ಬೀಳುತ್ತಿದ್ದರು.
ಎರಡು ಕುರ್ಚಿ ಎಳಕೊಂಡು
‘ಆ ಕೆಂಪು ಚಡ್ಡಿಯವನು ಅಳ್ತಾನೆ ನೋಡು’ ಅಂತ ಪಂದ್ಯ ಕಟ್ಟಿದೆವು.
ನಾನು ಹನ್ನೊಂದು ರೂಪಾಯಿ ಸೋತೆ.

ಊಟವಾದ ಮೇಲೆ ತಟ್ಟೆ ತೊಳೆಯಲು ಎದ್ದೆ,
ಯಾರೋ ಆಗಲೇ ಎತ್ತಿಕೊಂಡು ಹೋಗಿದ್ದರು.
ಜುಬೇದಾ ಅಸರ್ ನಮಾಜಿಗೆ ವಜೂ ಮಾಡಬೇಕಲ್ಲ,
ಅದು ಲೆಕ್ಕಕ್ಕಿಲ್ಲ ಅಂತ ಇಬ್ಬರೂ ತೀರ್ಮಾನಿಸಿದೆವು.
ನಾನು ಮೀಯಲಿಲ್ಲ. ದೇವರು ಕೇಳಿದರೆ ಕೂಪನ್ನು ತೋರಿಸುತ್ತೇನೆ.

ರಾತ್ರಿ ದೀಪ ಆರಿಸಿದರೆ ಇಬ್ಬರಿಗೂ ಎಚ್ಚರ.
ಮೋಟಾರಿನ ಸದ್ದಿಲ್ಲ.
ಕೊನೆಗೆ ಅವಳೇ ಎದ್ದು ಏ.ಸಿ. ಜೋರು ಮಾಡಿದಳು,
ಗರಗರ ಅಂತು, ನಿದ್ದೆ ಬಂತು.

ಮಾರನೇ ದಿನ ಎದುರಾಬದುರು ಕೂತು ಕಾಫಿ ಕುಡಿದೆವು.
ಇಷ್ಟು ವರ್ಷ ಪಕ್ಕಪಕ್ಕದಲ್ಲೇ, ಕಣ್ಣು ಎಳೆಯ ಮೇಲೆ,
ಮಾತೆಲ್ಲ ರಾಟೆಯ ಸದ್ದಿನ ಮೇಲಿಂದ ಕೂಗಿ.
ಅವಳ ಎಡಹುಬ್ಬಿನೊಳಗೆ ಒಂದು ಮಚ್ಚೆ ಇದೆ.
ಅವಳಿಗೆ ಮೆಲ್ಲಗೆ ಮಾತಾಡಲೂ ಬರುತ್ತದೆ.
ಏನು ಹೇಳಿದಳು ಅನ್ನುವುದು ಇಲ್ಲಿಗೆ ಬೇಡ.

ಸಂಜೆ ಬೆಟ್ಟದ ಮೇಲಿಂದ ಒಣಗಾಳಿ.
ಬಾಲ್ಕನಿಯಲ್ಲಿ ಬೆರಳು ಅಗಲಿಸಿ ಹಿಡಿದೆ.
ಚರ್ಮ ಬಿಗಿದು ಚುರುಚುರು ಅನ್ನುತ್ತಿತ್ತು.
ಹೆಬ್ಬೆರಳ ಮೇಲೆ, ಗೀರುಗಳ ನಡುವೆ,
ಸಣ್ಣಗೆ, ಪೆನ್ಸಿಲಲ್ಲಿ ಬರೆದಷ್ಟು, ಒಂದು ಸುಳಿ.
‘ನಿಂದೂ ತೋರಿಸು’ ಅಂದೆ.
ಅವಳದು ಅರ್ಧ ಬಂದಿತ್ತು.

ಸೋಮವಾರ ಬೆಳಿಗ್ಗೆ ರೇಷನ್ ಅಂಗಡಿ.
ಯಾವತ್ತೂ ಆರೇಳು ಸಲ ಒತ್ತಿಸಿ, ಒರೆಸಿ, ಊದಿ,
‘ನಿನಗೆ ಬೆರಳೇ ಇಲ್ಲ ಕಣಮ್ಮ’ ಅನ್ನುವ ವೆಂಕಟರೋಣಪ್ಪ
ಇವತ್ತು ಮೂರನೇ ಸಲಕ್ಕೇ ತಲೆಯೆತ್ತಿದ.
‘ಏನು ಹಚ್ಚಿದೆ ಮುನಿರತ್ನಮ್ಮ?’
‘ಏನೂ ಇಲ್ಲ.’

ಫ್ಯಾಕ್ಟರಿಯಲ್ಲಿ ಹುಡುಗಿಯರು ಸುತ್ತಿಕೊಂಡರು,
ಅಲೆ ಹೇಗಿತ್ತು, ಭಯ ಆಯ್ತಾ, ಮೂಗಿಗೆ ನೀರು ಹೋಯ್ತಾ?
ಜುಬೇದಾ ಎರಡೂ ಕೈ ಎತ್ತಿ ತೋರಿಸಿದಳು,
‘ಇಷ್ಟೆತ್ತರ!’
ನಾನೂ ಹೂಂ ಅಂದೆ.
ಬೇಸಿನ್ನು ಆಗಲೇ ಕಾದಿತ್ತು.