ಪೆಟ್ಟಿಗೆ ಹನ್ನೆರಡು, ಕಟ್ಟು ನಾಲ್ಕು

ಕಂಚಿಲಬೀಡಿನ ಕಾಗದಪತ್ರ ಮಂಗಳೂರಿಗೆ ಬಂದದ್ದು
ಎರಡು ಆಟೋದಲ್ಲಿ, ಒಂದು ಸೋಮವಾರ.
ಬಿಸ್ಕತ್ತಿನ ಡಬ್ಬಗಳು, ಧಾರೆಸೀರೆಯ ರಟ್ಟಿನ ಪೆಟ್ಟಿಗೆ,
ಕೀಲಿಕೈ ಕಳೆದುಹೋದ ಒಂದು ಟ್ರಂಕು.
ಜೊತೆಗೆ ಬಂದ ಸುಗುಣಾವತಿ ಬಲ್ಲಾಳರು
ನಮ್ಮ ಪತ್ರಾಗಾರದ ಮೆಟ್ಟಿಲಲ್ಲಿ ಕೂತು, ದಮ್ಮು ಹಿಡಿದು ಹೇಳಿದರು:
"ಕದ್ರಿಯ ಫ್ಲ್ಯಾಟಿನಲ್ಲಿ ನನಗೇ ಜಾಗ ಇಲ್ಲ ಮಾರಾಯ್ತಿ,
ಮುತ್ತಜ್ಜನ ಒಕ್ಕಲುಗಳನ್ನೆಲ್ಲ ಎಲ್ಲಿ ಕೂರಿಸಲಿ?"

ನಾನಿಲ್ಲಿ ಹನ್ನೊಂದು ತಿಂಗಳ ಗುತ್ತಿಗೆಯವಳು.
ಬೀಡಿನ ಭಾಷೆಯಲ್ಲಿ, ಚಾಲಗೇಣಿ.
ಪೆನ್ಸಿಲು ಮಾತ್ರ, ಪೆನ್ನು ಕೂಡದು.
ಬೆರಳಿಗೆ ಎಂಜಲು ಕೂಡದು.
ಫ್ಯಾನು ಒಂದರಲ್ಲೇ ತಿರುಗಬೇಕು, ಇಲ್ಲದಿದ್ದರೆ
ನೂರು ವರ್ಷದ ಗದ್ದೆಗಳು ಮೇಜಿನಿಂದ ಹಾರುತ್ತವೆ.

ಬೈಲು, ಮಜಲು, ಬೆಟ್ಟು.
ಎಣೆಲು, ಸುಗ್ಗಿ, ಕೊಳಕೆ.
ಹಸಿರುಗಾಣಿಕೆ: ಸೌತೆ ಎಂಟು, ಬಾಳೆಗೊನೆ ಒಂದು, ವೀಳ್ಯದೆಲೆ ಒಂದು ಕಟ್ಟು.
ಕಿಟಕಿಯಾಚೆ ಬಸ್ಸಿನ ಕಂಡಕ್ಟರು ಕೂಗುತ್ತಾನೆ
ಕಿನ್ನಿಗೋಳಿ, ಕಟೀಲು, ಮೂಡಬಿದ್ರೆ!
ನಾನು ಅದೇ ಹೆಸರುಗಳನ್ನು ಬರೆದುಕೊಳ್ಳುತ್ತೇನೆ,
ಮುಂದೆ ಎಷ್ಟೆಷ್ಟು ಮುಡಿ ಎಂದು.

ಆರನೇ ಪೆಟ್ಟಿಗೆಯ ಹೊತ್ತಿಗೆ ಬೀಡೇ ಸಾಲಗಾರ.
ಕಾಸಿನ ಸರ ಅಡವಿಟ್ಟ ರಶೀದಿ.
ಕುದುರೆಗಾಡಿಯ ಚಕ್ರ ಮಾರಿದ ರಶೀದಿ. ಚಕ್ರ ಮಾತ್ರ.
ಆಮೇಲೆ ಡಿಕ್ಲರೇಶನ್ ಕಾಲದ ನೋಟೀಸುಗಳು,
ಬಾಯಿ ಒಡೆಯದ ಲಕೋಟೆ ನಲವತ್ತೊಂದು.
ಯಾರೋ ಅವನ್ನು ಅಂಚೆಯವನ ಕೈಯಿಂದ ತೆಗೆದುಕೊಂಡು,
ಯಾರೋ ದಾರ ಕಟ್ಟಿ,
ಯಾರೂ ಓದದೆ ಇಟ್ಟಿದ್ದಾರೆ.
"ಒಡೆದಿಲ್ಲ" ಎಂದು ಬರೆದೆ. ಒಡೆಯಲಿಲ್ಲ.

ಹನ್ನೆರಡನೆಯದರಲ್ಲಿ, ನಾಲ್ಕನೇ ಕಟ್ಟು,
ಚಿತ್ರಭಾನು ಸಂವತ್ಸರ, ಬೊಂತೆಲ್ ಹನ್ನೊಂದು:
ಚಾಲಗೇಣಿ ಒಕ್ಕಲು ಗಿಡ್ಡಿ ಪೂಜಾರ್ತಿ.
ಗೇಣಿ ಹದಿನಾಲ್ಕು ಮುಡಿ.
ಸಂದದ್ದು ಹದಿಮೂರು ಮುಡಿ ಐದು ಸೇರು.
ಬಾಕಿ ಎರಡು ಕಳಸೆ ಒಂಬತ್ತು ಸೇರು.
ಅಂಚಿನಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಕೆ:
ಹೆತ್ತದ್ದರಿಂದ ಇವತ್ತು ಬರಲಿಲ್ಲ. ಹೆಣ್ಣು.

ಪೆನ್ಸಿಲು ಕೆಳಗಿಟ್ಟೆ.
ನನ್ನ ಅಜ್ಜಿ ಆಧಾರಿನ ಪ್ರಕಾರ ಜನವರಿ ಒಂದಕ್ಕೆ ಹುಟ್ಟಿದವಳು.
ಅವಳ ಪ್ರಾಯದ ಅರ್ಧ ಊರು
ಜನವರಿ ಒಂದಕ್ಕೇ ಹುಟ್ಟಿದೆ.
ಅವಳ ಹುಟ್ಟನ್ನು ಬರೆದಿಟ್ಟವನು
ಅಕ್ಕಿ ಕಡಿಮೆ ಬಿದ್ದದ್ದಕ್ಕೆ ಕಾರಣ ಬರೆಯುತ್ತಿದ್ದ.

ರಾತ್ರಿ ಕಾವೂರಿನ ಮನೆಯಲ್ಲಿ, ಅಡುಗೆಕೋಣೆಯ ನೆಲದಲ್ಲಿ
ಒಣಸಿಗಡಿಯ ತಲೆ ಚಿವುಟುತ್ತಾ ಕೂತಿದ್ದಳು.
ಪಂಚಾಂಗ ನೋಡಿ ಲೆಕ್ಕ ಹಾಕಿ ಹೇಳಿದೆ:
"ಅಜ್ಜಿ, ನೀನು ಹುಟ್ಟಿದ್ದು ಅಕ್ಟೋಬರದ ಕೊನೆಯ ವಾರ."
"ಹೌದಾ," ಎಂದಳು. ಇನ್ನೊಂದು ಹಿಡಿ ಸಿಗಡಿ ತಟ್ಟೆಗೆ ಸುರಿದಳು.
ಮತ್ತೆ ಕೇಳಿದಳು:
"ಆ ಎರಡು ಕಳಸೆ?"
"ಯಾವ ಎರಡು ಕಳಸೆ?"
"ಎರಡು ಕಳಸೆ ಒಂಬತ್ತು ಸೇರು ಅಂದಿಯಲ್ಲ. ಹೊಡೆದುಹಾಕಿದ್ರಾ, ಇಲ್ಲ
ಮುಂದಿನ ವರ್ಷಕ್ಕೆ ಏರಿಸಿದ್ರಾ?
ಬೀಡಿನ ಸೇರು ನಮ್ಮ ಸೇರಿಗಿಂತ ಒಂದು ಮುಷ್ಟಿ ದೊಡ್ಡದಿತ್ತು,
ಅಮ್ಮ ಸಾಯುವವರೆಗೂ ಹೇಳ್ತಿದ್ದಳು.
ಅದನ್ನು ಬರೆದಿದ್ದಾರಾ ಅಲ್ಲಿ?"

ಮರುದಿನ ನೋಡಿದೆ.
ಮುಂದಿನ ಹಾಳೆ ಅದರ ಮುಂದಿನದಕ್ಕೆ ಅಂಟಿದೆ.
ಯಾವುದೋ ಮಳೆಗಾಲದಲ್ಲಿ, ಅಟ್ಟದ ಹಂಚು ಒಡೆದಾಗ
ನೀರು ಕುಡಿದು, ಆರಿ, ಒಂದೇ ಆದದ್ದು.
ಬೆಳಕಿಗೆ ಹಿಡಿದರೆ ಒಳಗೆ ಶಾಯಿಯ ನೆರಳು,
ಅಂಕಿಯೋ, ಗೀಟೋ.
ನಿಯಮ ಗೊತ್ತುಂಟು: ಅಂಟಿದ ಹಾಳೆ ನಾವು ಬಿಡಿಸಬಾರದು.
ಬಿಡಿಸುವವರು ಮೈಸೂರಿನಿಂದ ಬರಬೇಕು,
ಬರುವುದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ.
ನನ್ನ ಹನ್ನೊಂದು ತಿಂಗಳಲ್ಲಿ ಇನ್ನು ಎರಡು ಉಳಿದಿದೆ.

ಸಂಜೆ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಸ್ವರ:
"ಬಿಡಿಸಿದಿಯಾ?"